ಹಗಲಿನ ಆಸರೆ



ಮೈಸೂರಿನ ವಿದ್ಯಾರಣ್ಯಪುರದಿಂದ ಮಠಕ್ಕೆ ಬಂದುಹೋಗುವ ಶರಣೆಯೊಬ್ಬರು ಕಳೆದ ಶಿವರಾತ್ರಿಯಂದು ಈ ಲೇಖಕನನ್ನು ಪ್ರಶ್ನಿಸಿದರು. ಅವರ ಮಗನಿಗೆ ಮೂವತ್ತು ವರುಷ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕುಂಠಿತವಾದವನು. “ಶಾಲೆಯ ವಯಸ್ಸು ಮುಗಿಯಿತು ಮೇಷ್ಟ್ರೆ, ಹಗಲೆಲ್ಲ ಗೋಡೆ ನೋಡುತ್ತ ಕೂತಿರುತ್ತಾನೆ. ಇಂಥವರಿಗೆ ನಮ್ಮ ಹಿರಿಯರು ಏನೂ ಮಾಡಿಡಲಿಲ್ಲವೆ?” ಎಂದರು.

ಮಾಡಿಟ್ಟದ್ದುಂಟು. 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು (1867–1930) ಕಾಡಶೆಟ್ಟಿಹಳ್ಳಿಯ ಅಂಧಬಾಲಕನೊಬ್ಬನನ್ನು ಕೈಹಿಡಿದು ಸಂಗೀತವಿದ್ಯೆಗೆ ಹಚ್ಚಿದರು. ಆತನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು (1892–1944) ಲೋಕಪೂಜ್ಯನಾದನು. ಗವಾಯಿಗಳು ಅಂಧರೂ ಅನಾಥರೂ ಆದ ಮಕ್ಕಳನ್ನು ಕೂಡಿಕೊಂಡು ಊರೂರು ಸಂಚರಿಸುತ್ತ, ನಾಟಕವಾಡಿಸಿ ಅವರ ಅನ್ನವನ್ನು ದೊರಕಿಸುತ್ತ, ಕಡೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆನಿಂತರು. ಅವರ ತರುವಾಯ ಆ ಹೊರೆಯನ್ನು ಹೊತ್ತ ಪುಟ್ಟರಾಜ ಗವಾಯಿಗಳೂ (1914–2010) ಅಂಧರೇ. ಇಲ್ಲಿ ಗಮನಿಸತಕ್ಕದ್ದು ಇದು: ಅಂಧನಿಗೆ ಅನ್ನವಿಕ್ಕಿ ಪುಣ್ಯ ಗಳಿಸುವುದಷ್ಟೇ ಕುಮಾರಸ್ವಾಮಿಗಳ ಉದ್ದೇಶವಾಗಿದ್ದರೆ ಆ ಬಾಲಕ ಊಟಮಾಡಿ ಮೂಲೆಯಲ್ಲಿ ಕುಳಿತಿರುತ್ತಿದ್ದನು. ಅವರು ಅವನಿಗೆ ಕಾಯಕವನ್ನು ಕೊಟ್ಟರು. ಅವನು ಇತರರಿಗೆ ಆಸರೆಯಾದನು.

ಮೈಸೂರಿನಲ್ಲಿಯೂ 1901ರಲ್ಲಿಯೇ ಶ್ರೀ ಎಂ. ಶ್ರೀನಿವಾಸರಾಯರು ಕಿವುಡರ ಮತ್ತು ಕುರುಡರ ಪಾಠಶಾಲೆಯನ್ನು ತೆರೆದಿದ್ದರು.

ಆದರೆ ಆ ತಾಯಿಯ ಮಗನು ಹಾಡಲಾರನು, ಓದಲಾರನು. ಬುದ್ಧಿಯ ನ್ಯೂನತೆಯುಳ್ಳವರ ಕಡೆಗೆ ನಾಡಿನ ಕಣ್ಣು ಹೊರಳಿದ್ದು ಬಹಳ ತಡವಾಗಿ. 1995ರ ಕಾಯಿದೆಯು ಏಳು ವಿಧದ ನ್ಯೂನತೆಗಳನ್ನು ಹೆಸರಿಸಿತು. 2016ರ ಕಾಯಿದೆಯಲ್ಲಿ ಅವು ಇಪ್ಪತ್ತೊಂದಾದವು. ಇವೆರಡರ ನಡುವೆ ಬಂದ 1999ರ ರಾಷ್ಟ್ರೀಯ ನ್ಯಾಸದ ಕಾಯಿದೆ, ವಯಸ್ಕರಾದ ಇಂಥವರಿಗೆ ಪೋಷಕರನ್ನು ನೇಮಿಸುವ ಕ್ರಮವನ್ನು ವಿಧಿಸಿ, “ನಮ್ಮ ಕಾಲಾನಂತರ ಇವರ ಗತಿಯೇನು” ಎಂಬ ಹೆತ್ತವರ ಅಳಲಿಗೆ ಮೊದಲಬಾರಿಗೆ ಕಿವಿಗೊಟ್ಟಿತು. ಹಗಲಿನ ಆರೈಕೆಯ ಕೇಂದ್ರಗಳಿಗೂ ಆ ನ್ಯಾಸದಿಂದ ನೆರವುಂಟು. ಬೆಳಿಗ್ಗೆ ಬಂದವರು ಸಂಜೆ ತಮ್ಮ ಮನೆಗೇ ಹಿಂದಿರುಗುವುದರಿಂದ ಆಶ್ರಮವಾಸದಂತೆ ಇಲ್ಲಿ ಮನೆಯ ನಂಟು ಕಡಿಯುವುದಿಲ್ಲ.

ಇಂಥ ಕೇಂದ್ರಕ್ಕೆ ಹಣಕ್ಕಿಂತಲೂ ಹೆಚ್ಚಾಗಿ ಬೇಕಾದವರು ಸ್ವಯಂಸೇವಕರು. ಅವರ ಕೆಲಸ ಕೇಳಲು ಅತಿ ಸಣ್ಣದು: ಅಂಗಿಯ ಗುಂಡಿ ಹಾಕುವುದನ್ನು ಕಲಿಸುವುದು, ಹೂಬತ್ತಿ ಹೊಸೆಯುವಾಗ ಜೊತೆಗೆ ಕೂರುವುದು, ಕಾಗದದ ಚೀಲಕ್ಕೆ ಅಂಟು ಹಚ್ಚಿಸುವುದು. ಒಂದು ಗುಂಡಿಗೆ ಅರ್ಧ ಗಂಟೆ ಹಿಡಿದೀತು. ತಾಳ್ಮೆಗೆಟ್ಟು ಸೇವಕನೇ ಗುಂಡಿಯನ್ನು ಹಾಕಿಬಿಟ್ಟರೆ ಎದುರಿನವನ ಕಾಯಕವನ್ನು ಕಸಿದುಕೊಂಡಂತೆಯೇ ಸರಿ. ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ತಪ್ಪದೆ ಬರುವುದು ಅದಕ್ಕಿಂತಲೂ ಮುಖ್ಯ. ಕಂಡ ಮುಖವನ್ನು ಕಾಯುತ್ತ ಬಾಗಿಲಲ್ಲಿ ನಿಲ್ಲುವವರು ಇವರು. ಹುಟ್ಟುಹಬ್ಬದಂದು ಸಿಹಿ ಹಂಚಿ, ಭಾವಚಿತ್ರ ತೆಗೆಸಿಕೊಂಡು ಮರುವರುಷದವರೆಗೆ ಮರೆಯಾಗುವ ಮಹನೀಯರ ವಿಷಯವಾಗಿ ಹೆಚ್ಚು ಬರೆಯಲೊಲ್ಲೆನು. ನಾನೂ ಒಮ್ಮೆ ಹಾಗೆ ಹೋಗಿ ಬಂದವನೇ.

ಇದಿಷ್ಟನ್ನೂ ಆ ತಾಯಿಗೆ ವಿವರಿಸಿದೆನು. ಅವರು ಶಾಂತವಾಗಿ ಕೇಳಿ, ಸೆರಗಿನಿಂದ ಮಗನ ಬಾಯನ್ನು ಒರಸಿ, “ಸರಿ ಮೇಷ್ಟ್ರೆ, ಹಾಗಾದರೆ ವಾರದಲ್ಲಿ ಯಾವ ದಿನ ನಿಮಗೆ ಬಿಡುವು?” ಎಂದರು.