ವಸಂತದ ಆರಂಭದ ಕೈತೋಟ: ಬಿತ್ತುವ ಮುನ್ನ ಮಣ್ಣನ್ನು ಅರಿಯುವುದು

ಯುಗಾದಿಯು ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಬರುತ್ತದೆ. ಆ ಹೊತ್ತಿಗೆ ಕರ್ನಾಟಕದಲ್ಲಿ ಹೊಂಗೆ ಚಿಗುರಿ, ಬೇವು ಹೂಬಿಟ್ಟಿರುತ್ತದೆ. ಅಮೆರಿಕದ ಈಶಾನ್ಯದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಾದರೋ ಮನೆಯ ಉತ್ತರದ ಬದಿಗೆ ಹಿಮದ ಕೊನೆಯ ರಾಶಿ ಕರಗುತ್ತಿರುತ್ತದೆ. ಪಂಚಾಂಗವು ವಸಂತವೆಂದು ಸಾರಿದರೂ ನೆಲ ಅದನ್ನು ಇನ್ನೂ ಒಪ್ಪಿರುವುದಿಲ್ಲ. ಆದರೂ ಈ ವಾರಗಳಲ್ಲಿಯೇ ಬಿತ್ತಬೇಕಾದ ತರಕಾರಿಗಳಿವೆ. ಯಾವುದನ್ನು, ಯಾವಾಗ, ಎಂತಹ ಮಣ್ಣಿನಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. ಮೂರನೆಯ ಪ್ರಶ್ನೆಯನ್ನು ನಾನು ತಡವಾಗಿ ಕೇಳಿಕೊಂಡೆ. ಓದುಗರು ಅದನ್ನು ಮೊದಲೇ ಕೇಳಿಕೊಳ್ಳಲಿ ಎಂಬುದೇ ಇದನ್ನು ಬರೆಯುವ ಮುಖ್ಯ ಕಾರಣ.

ಕೊನೆಯ ಮಂಜುಗಡ್ಡೆಯ ದಿನ

ಶೀತಪ್ರದೇಶದ ತೋಟಗಾರಿಕೆಯ ಲೆಕ್ಕವೆಲ್ಲ ವಸಂತದಲ್ಲಿ ಇಬ್ಬನಿಯು ಹೆಪ್ಪುಗಟ್ಟುವ ಕೊನೆಯ ರಾತ್ರಿಯನ್ನು ಆಧರಿಸಿದೆ. ಬಾಸ್ಟನ್ನಿನಿಂದ ಒಳನಾಡಿಗೆ ಸರಿದಂತೆ ಇದು ಸಾಮಾನ್ಯವಾಗಿ ಮೇ ತಿಂಗಳ ಮೊದಲರ್ಧದಲ್ಲಿ ಬೀಳುತ್ತದೆ. ಇದು ಸರಾಸರಿಯ ದಿನಾಂಕವೆಂಬುದನ್ನು ಮರೆಯಬಾರದು. ಹೆಚ್ಚುಕಡಿಮೆ ಅರ್ಧದಷ್ಟು ವರ್ಷಗಳಲ್ಲಿ ಆ ದಿನದ ನಂತರವೂ ನೆಲ ಹೆಪ್ಪುಗಟ್ಟಬಹುದು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವುದರಿಂದ, ಹಗಲು ಹಿತವಾಗಿ ಬೆಚ್ಚಗಿದ್ದ ದಿನವೇ ರಾತ್ರಿ ಸಸಿಗಳು ಸುಟ್ಟಂತೆ ಕಪ್ಪಾಗುವುದುಂಟು.

ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ ಸಸ್ಯವಲಯಗಳ ನಕ್ಷೆಯನ್ನು ಅನೇಕರು ಬಿತ್ತನೆಯ ಪಂಚಾಂಗವೆಂದು ತಿಳಿಯುತ್ತಾರೆ. ಅದು ಹಾಗಲ್ಲ. ಚಳಿಗಾಲದ ಅತ್ಯಂತ ಕಡಿಮೆ ಉಷ್ಣತೆಯ ಸರಾಸರಿಯನ್ನು ಮಾತ್ರ ಅದು ತೋರಿಸುತ್ತದೆ. ಹಣ್ಣಿನ ಮರ, ಗುಲಾಬಿಯಂತಹ ಬಹುವಾರ್ಷಿಕ ಗಿಡಗಳ ಆಯ್ಕೆಗೆ ಅದು ನೆರವಾಗುತ್ತದೆ. ಮೆಂತ್ಯ ಬಿತ್ತುವ ದಿನವನ್ನು ಅದು ಹೇಳದು.

ದಿನಾಂಕಕ್ಕಿಂತ ನಂಬಿಕೆಗೆ ಅರ್ಹವಾದುದು ಮಣ್ಣಿನ ಉಷ್ಣತೆ. ಮಣ್ಣಿಗೆ ಚುಚ್ಚುವ ಸಣ್ಣ ಉಷ್ಣಮಾಪಕವನ್ನು ನಾಲ್ಕು ಬೆರಳಿನ ಆಳಕ್ಕೆ ಇಳಿಸಿ, ಕೆಲವು ದಿನ ಬೆಳಗಿನ ಹೊತ್ತು ನೋಡಿದರೆ ನೆಲದ ನಿಜಸ್ಥಿತಿ ತಿಳಿಯುತ್ತದೆ. ಅದರೊಂದಿಗೆ ನಮ್ಮ ರೈತರು ‘ಹದ’ ಎಂದು ಕರೆಯುವುದನ್ನೂ ಗಮನಿಸಬೇಕು. ಒಂದು ಹಿಡಿ ಮಣ್ಣನ್ನು ಅದುಮಿ, ಹೆಬ್ಬೆರಳಿನಿಂದ ತಟ್ಟಿದಾಗ ಉದುರಿದರೆ ಹದ ಬಂದಿದೆ. ಉಂಡೆಯಾಗಿಯೇ ಉಳಿದರೆ ಕಾಯಬೇಕು. ಹಿಮ ಕರಗಿದ ಒದ್ದೆ ಮಣ್ಣನ್ನು ಅಗೆದರೆ ಅದು ಹೆಂಟೆಗಟ್ಟಿ ಇಡೀ ಬೇಸಗೆ ಕಾಡುತ್ತದೆ.

ಮೊದಲು ಬಿತ್ತಬಹುದಾದವು

ತಂಪನ್ನು ಬಯಸುವ ಸೊಪ್ಪು, ಗಡ್ಡೆಗಳೇ ವಸಂತದ ಮೊದಲ ಬೆಳೆ. ನಮ್ಮ ಊರುಗಳಲ್ಲಿ ಚಳಿಗಾಲದಲ್ಲಿ ಸೊಗಸಾಗಿ ಬರುವ ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ, ಬಟಾಣಿಗಳು ಇಲ್ಲಿ ಏಪ್ರಿಲ್‌ನಲ್ಲಿ ಬರುತ್ತವೆ. ಈ ಒಂದು ಸಂಗತಿಯನ್ನು ನೆನಪಿಟ್ಟರೆ ಬಿತ್ತನೆಯ ಅರ್ಧ ಲೆಕ್ಕ ಮುಗಿದಂತೆ.

ಪಾಲಕ್ ಮತ್ತು ಬಟಾಣಿ ಮಣ್ಣು 5 ಡಿಗ್ರಿ ಸೆಲ್ಸಿಯಸ್ ಇರುವಾಗಲೂ ನಿಧಾನವಾಗಿ ಮೊಳೆಯಬಲ್ಲವು. ಮೂಲಂಗಿಯ ಚಿಕ್ಕ ತಳಿಗಳು ನಾಲ್ಕೈದು ವಾರಗಳಲ್ಲಿ ಕೈಗೆ ಬರುತ್ತವೆ. ಮೆಂತ್ಯ ಮತ್ತು ಕೊತ್ತಂಬರಿಗೆ ಮಣ್ಣು 10 ಡಿಗ್ರಿ ದಾಟುವವರೆಗೆ ಕಾಯುವುದು ಲೇಸು. ಅಡುಗೆಮನೆಯ ಡಬ್ಬಿಯ ಕಾಳುಗಳೇ ಸಾಮಾನ್ಯವಾಗಿ ಸಾಕಾಗುತ್ತವೆ. ಕೊತ್ತಂಬರಿ ಬೀಜದೊಳಗೆ ಎರಡು ಹೋಳುಗಳಿರುವುದರಿಂದ, ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಬೇರ್ಪಡಿಸಿ, ರಾತ್ರಿ ನೆನೆಸಿ ಬಿತ್ತಬೇಕು. ಒಮ್ಮೆಗೇ ಎಲ್ಲವನ್ನೂ ಚೆಲ್ಲದೆ, ಎರಡು ವಾರಕ್ಕೊಮ್ಮೆ ಒಂದೊಂದು ಸಾಲು ಹಾಕಿದರೆ ಸೊಪ್ಪು ಬಹಳ ದಿನ ಸಿಗುತ್ತದೆ. ಜೂನ್ ಬಂದು ಹಗಲು ನೀಳವಾಗಿ ಬಿಸಿಲು ಬಲಿತಾಗ ಪಾಲಕ್ ಮತ್ತು ಕೊತ್ತಂಬರಿ ಹೂ ಬಿಟ್ಟು ಬೀಜಕ್ಕೆ ಹೋಗುತ್ತವೆ. ಅದು ಗಿಡದ ಸ್ವಭಾವ, ಬೆಳೆಸಿದವರ ತಪ್ಪಲ್ಲ.

ಅವಸರಪಡಬಾರದ ಬೆಳೆಗಳೂ ಇವೆ. ಹರಿವೆ, ದಂಟು, ಬಸಳೆ, ಬೆಂಡೆಗಳಿಗೆ ಮಣ್ಣು 18 ಡಿಗ್ರಿಗಿಂತ ಮೇಲಿರಬೇಕು. ಅಂದರೆ ಮೇ ಕೊನೆ ಅಥವಾ ಜೂನ್. ಅವರೆಯದು ಬೇರೆಯೇ ಕಥೆ. ಅದರ ಸಾಂಪ್ರದಾಯಿಕ ತಳಿಗಳು ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುತ್ತವೆ. ಜೂನ್‌ನಲ್ಲಿ ಬೆಂಗಳೂರಿನ ಅತಿ ನೀಳ ಹಗಲು 13 ಗಂಟೆಗಿಂತ ಕಡಿಮೆ. ಬಾಸ್ಟನ್ನಿನದು 15 ಗಂಟೆಗೂ ಹೆಚ್ಚು. ಹೀಗಾಗಿ ಇಲ್ಲಿ ಬಳ್ಳಿ ಬೇಸಗೆಯೆಲ್ಲ ಹಬ್ಬಿ, ಶರತ್ಕಾಲದಲ್ಲಿ ಹೂ ಬಿಟ್ಟು, ಕಾಯಿ ಬಲಿಯುವ ಮುನ್ನವೇ ಮಂಜಿಗೆ ತುತ್ತಾಗುತ್ತದೆ. ಹಗಲಿನ ಅಳತೆಗೆ ಕಟ್ಟುಬೀಳದ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದೆ. ಹೆಬ್ಬಾಳ ಅವರೆ-3 ಮತ್ತು 4 ಅಂತಹವು. ಆದರೆ ಬಿತ್ತನೆ ಬೀಜವನ್ನು ಅಮೆರಿಕಕ್ಕೆ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರವೋ ಅನುಮತಿಯೋ ಅಗತ್ಯ. ಪೆಟ್ಟಿಗೆಯಲ್ಲಿ ಹೇಳದೆ ತರುವುದು ಸಲ್ಲದು.

ಕಿಟಕಿಯ ಬಳಿಯ ಸಸಿಗಳು

ಬದನೆ, ಮೆಣಸಿನಕಾಯಿ, ಟೊಮೆಟೊಗಳ ಕೆಲಸ ಮಾರ್ಚ್‌ನಲ್ಲಿ ಮನೆಯೊಳಗೆ ಆರಂಭವಾಗುತ್ತದೆ. ಕೊನೆಯ ಮಂಜಿನ ದಿನಕ್ಕೆ 8ರಿಂದ 10 ವಾರ ಮೊದಲು ಮೆಣಸಿನಕಾಯಿ, ಸುಮಾರು 8 ವಾರ ಮೊದಲು ಬದನೆ, 6ರಿಂದ 8 ವಾರ ಮೊದಲು ಟೊಮೆಟೊ ಬೀಜ ಹಾಕಬೇಕು. ತೋಟದ ಮಣ್ಣನ್ನು ಬಳಸದೆ, ಬೀಜ ಮೊಳೆಸಲೆಂದೇ ಸಿಗುವ ಹಗುರ ಮಿಶ್ರಣವನ್ನು ಬಳಸುವುದು ಉತ್ತಮ. ನೀರು ಹೆಚ್ಚಾದರೆ ಮಣ್ಣಿನ ಶಿಲೀಂಧ್ರಗಳಿಂದ ಸಸಿಗಳು ಬುಡದಲ್ಲಿ ಕೊಳೆತು ರಾತ್ರಿ ಬೆಳಗಾಗುವುದರೊಳಗೆ ಮಲಗಿಬಿಡುತ್ತವೆ. ಕಿಟಕಿಯ ಬೆಳಕು ಸಾಲದೆ ಸಸಿಗಳು ಸೊರಗಿ ಉದ್ದವಾಗುವುದರಿಂದ, ದಿನಕ್ಕೆ 14ರಿಂದ 16 ಗಂಟೆ ದೀಪದ ಬೆಳಕನ್ನು ಸಮೀಪದಿಂದಲೇ ಕೊಡಬೇಕು.

ನಾಟಿಗೆ ಮೊದಲು ಏಳರಿಂದ ಹತ್ತು ದಿನ ಸಸಿಗಳನ್ನು ಹೊರಗಿನ ಗಾಳಿ ಬಿಸಿಲುಗಳಿಗೆ ಹೊಂದಿಸಬೇಕು. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ; ಅನಂತರ ದಿನದಿನವೂ ಸ್ವಲ್ಪ ಹೆಚ್ಚು. ಮಣ್ಣು 16 ಡಿಗ್ರಿ ತಲುಪಿ, ರಾತ್ರಿಯ ಉಷ್ಣತೆ 10ಕ್ಕಿಂತ ಕೆಳಗಿಳಿಯದಾದ ಮೇಲೆ ನಾಟಿ ಮಾಡಿದರೆ, ಮೂರು ವಾರ ಮೊದಲೇ ನೆಟ್ಟು ನಡುಗಿದ ಗಿಡಗಳಿಗಿಂತ ಇವು ಮುಂದೆ ಹೋಗುತ್ತವೆ.

ಕೇಳಿಕೊಳ್ಳದೆ ಉಳಿದ ಪ್ರಶ್ನೆ

ನಾವು ಈ ಮನೆಗೆ ಬಂದ ಮೊದಲ ವಸಂತದಲ್ಲಿ ಮಡಿಗಳನ್ನು ದಕ್ಷಿಣದ ಗೋಡೆಗೆ ಒತ್ತಿ ಮಾಡಿದೆ. ಗೋಡೆ ಬಿಸಿಲನ್ನು ಹೀರಿ ಮಣ್ಣನ್ನು ಬೇಗ ಬೆಚ್ಚಗಾಗಿಸುವುದರಿಂದ ಹಿಮ ಮೊದಲು ಕರಗುವುದು ಅಲ್ಲಿಯೇ. ಮೆಂತ್ಯ ಹುಲುಸಾಗಿ ಬಂದಿತು. ಮೂರು ವರ್ಷದ ಮಗಳು ಮಡಿಯ ಪಕ್ಕದಲ್ಲಿಯೇ ಕುಳಿತು ಮಣ್ಣಿನಲ್ಲಿ ಆಡಿದಳು. ಕಿತ್ತ ಮೂಲಂಗಿಯನ್ನು ಲಂಗಕ್ಕೆ ಒರೆಸಿ ಕಚ್ಚಿದಳು.

ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು 1978ರಲ್ಲಿ ನಿಷೇಧಿಸಲಾಯಿತು. ಅದಕ್ಕೆ ಮೊದಲು ಕಟ್ಟಿದ ಮರದ ಮನೆಗಳ ಹೊರಗೋಡೆಯಿಂದ ದಶಕಗಳ ಕಾಲ ಉದುರಿದ ಬಣ್ಣದ ಹೊಪ್ಪಳೆಗಳು ಗೋಡೆಯ ಬುಡದ ಮಣ್ಣಿನಲ್ಲಿ ಸೇರಿಕೊಂಡಿವೆ. ಸೀಸವು ಕೊಳೆಯುವುದಿಲ್ಲ, ಮಳೆಗೆ ಬೇಗ ಕೊಚ್ಚಿಹೋಗುವುದೂ ಇಲ್ಲ. ನಮ್ಮ ಮನೆ 1978ಕ್ಕಿಂತ ಎಷ್ಟೋ ಹಳೆಯದು. ಮಕ್ಕಳನ್ನು ಕರೆತಂದ ತಂದೆತಾಯಿಗಳನ್ನು ‘ನಿಮ್ಮ ಮನೆ ಯಾವ ಕಾಲದ್ದು?’ ಎಂದು ವಾರಕ್ಕೆ ಹತ್ತಾರು ಬಾರಿ ಕೇಳುತ್ತಿದ್ದ ವೈದ್ಯನಾದ ನಾನು, ಆ ಪ್ರಶ್ನೆಯನ್ನು ನನಗೆ ಕೇಳಿಕೊಂಡಿರಲಿಲ್ಲ. ಎರಡನೆಯ ವರ್ಷ ಗೊಬ್ಬರದ ಪ್ರಮಾಣ ತಿಳಿಯಲೆಂದು ಮಣ್ಣನ್ನು ಪರೀಕ್ಷೆಗೆ ಕಳುಹಿಸಿದಾಗ, ವರದಿಯ ಕೆಳತುದಿಯಲ್ಲಿ ಸೀಸದ ಪ್ರಮಾಣ ಮಿತಿ ಮೀರಿದೆಯೆಂದು ಬರೆದಿತ್ತು. ಮರುದಿನವೇ ಮಗಳ ರಕ್ತ ಪರೀಕ್ಷೆ ಮಾಡಿಸಿದೆವು. ಫಲಿತಾಂಶ ಬರುವವರೆಗಿನ ಎರಡು ದಿನ ನಮ್ಮ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಅವಳ ರಕ್ತದಲ್ಲಿ ಸೀಸ ಆತಂಕದ ಮಟ್ಟಕ್ಕಿಂತ ಕೆಳಗಿತ್ತು. ಅದು ನನ್ನ ಎಚ್ಚರಿಕೆಯ ಫಲವಲ್ಲ, ಅದೃಷ್ಟ.

ಮಕ್ಕಳ ಮಿದುಳಿಗೆ ಸುರಕ್ಷಿತವೆನ್ನಬಹುದಾದ ಸೀಸದ ಮಟ್ಟವೇ ಇಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ವಸತಿ ಪ್ರದೇಶದ ಮಣ್ಣಿಗೆ ಇಟ್ಟಿದ್ದ ಮಾರ್ಗದರ್ಶಿ ಮಟ್ಟವನ್ನು 2024ರಲ್ಲಿ ದಶಲಕ್ಷಕ್ಕೆ 400 ಭಾಗದಿಂದ 200 ಭಾಗಕ್ಕೆ ಇಳಿಸಿತು. ಸೀಸವು ದೇಹಕ್ಕೆ ಸೇರುವುದು ಗಿಡ ಹೀರಿಕೊಂಡದ್ದರಿಂದ ಅಷ್ಟಾಗಿ ಅಲ್ಲ. ಕೈಗೂ ಎಲೆಗೂ ಗಡ್ಡೆಗೂ ಅಂಟಿದ ಮಣ್ಣು ಬಾಯಿಗೆ ಹೋಗುವುದರಿಂದ. ಟೊಮೆಟೊ, ಬದನೆಯಂತಹ ಕಾಯಿಗಳಲ್ಲಿ ಅದು ತೀರ ಕಡಿಮೆ. ಸೊಪ್ಪು ಮತ್ತು ಗಡ್ಡೆಗಳಲ್ಲಿ ಹೆಚ್ಚು. ವಸಂತದಲ್ಲಿ ನಾವು ಮೊದಲು ಬೆಳೆಯುವುದು ಸೊಪ್ಪು ಗಡ್ಡೆಗಳನ್ನೇ. ಮೊದಲು ಆರಿಸಿಕೊಳ್ಳುವ ಸ್ಥಳವೂ ಬೆಚ್ಚನೆಯ ಗೋಡೆಯ ಬುಡವನ್ನೇ.

ಪರಿಹಾರ ಕಠಿಣವಲ್ಲ. ಆಮ್ಹರ್ಸ್ಟ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ, ನ್ಯೂಜೆರ್ಸಿಯ ರಟ್ಗರ್ಸ್ ಮೊದಲಾದವುಗಳ ಪ್ರಯೋಗಾಲಯಗಳು ಅಲ್ಪ ಶುಲ್ಕಕ್ಕೆ ಮಣ್ಣನ್ನು ಪರೀಕ್ಷಿಸುತ್ತವೆ. ಗೋಡೆಯ ಬುಡ ಮತ್ತು ತೆರೆದ ಅಂಗಳದ ಮಾದರಿಗಳನ್ನು ಬೇರೆ ಬೇರೆಯಾಗಿ ಕಳುಹಿಸಬೇಕು. ಸೀಸ ಹೆಚ್ಚಿದ್ದರೆ ಗೋಡೆಯಿಂದ ದೂರ, ಮರದ ಚೌಕಟ್ಟಿನ ಏರುಮಡಿ ಮಾಡಿ, ತಳಕ್ಕೆ ಬಟ್ಟೆ ಹಾಸಿ, ಹೊರಗಿನಿಂದ ತಂದ ಶುದ್ಧ ಮಣ್ಣನ್ನೂ ಕಾಂಪೋಸ್ಟನ್ನೂ ತುಂಬಬೇಕು. ಮಡಿಗಳ ನಡುವಿನ ಬರಿನೆಲವನ್ನು ಮರದ ಸಿಪ್ಪೆಯಿಂದ ಮುಚ್ಚಬೇಕು. ತೋಟದಿಂದ ಬಂದೊಡನೆ ಕೈ ತೊಳೆದು, ಪಾದರಕ್ಷೆಗಳನ್ನು ಹೊರಗೇ ಬಿಡಬೇಕು.

ಇನ್ನಷ್ಟು ಎಚ್ಚರಿಕೆಗಳು

ಹಸಿ ಸಗಣಿಯನ್ನು ವಸಂತದಲ್ಲಿ ಮಡಿಗೆ ಹಾಕಬಾರದು. ಅದರಲ್ಲಿನ ರೋಗಾಣುಗಳು ಹಸಿಯಾಗಿ ತಿನ್ನುವ ಸೊಪ್ಪಿಗೆ ಅಂಟಬಹುದು. ಸಾವಯವ ಕೃಷಿಯ ಅಮೆರಿಕದ ನಿಯಮದಂತೆ, ಮಣ್ಣಿಗೆ ತಾಗುವ ಬೆಳೆಗಳಲ್ಲಿ ಹಸಿ ಗೊಬ್ಬರಕ್ಕೂ ಕೊಯ್ಲಿಗೂ ನಡುವೆ 120 ದಿನಗಳ ಅಂತರವಿರಬೇಕು. ಧನುರ್ವಾಯುವಿನ ಲಸಿಕೆ ಹತ್ತು ವರ್ಷಕ್ಕೊಮ್ಮೆ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಲೈಮ್ ರೋಗ ಹರಡುವ ಉಣ್ಣಿಗಳು ಹಿಮ ಕರಗಿದೊಡನೆ ಚುರುಕಾಗುವುದರಿಂದ, ಸಂಜೆ ಮೈಯನ್ನು, ಮುಖ್ಯವಾಗಿ ಮೊಣಕಾಲಿನ ಹಿಂಭಾಗ ಮತ್ತು ತಲೆಯನ್ನು ಪರೀಕ್ಷಿಸಿಕೊಳ್ಳಬೇಕು. ಊರಿನಿಂದ ಬಂದ ಹಿರಿಯರು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಸೇವಿಸುತ್ತಿದ್ದರೆ, ತೋಟದಲ್ಲಿ ಸೊಪ್ಪು ತುಂಬಿದೆಯೆಂದು ದಿಢೀರನೆ ಹೆಚ್ಚು ತಿನ್ನಬಾರದು. ಸೊಪ್ಪಿನ ವಿಟಮಿನ್ ಕೆ ಆ ಔಷಧದ ಪರಿಣಾಮವನ್ನು ತಗ್ಗಿಸುತ್ತದೆ. ಸೊಪ್ಪನ್ನು ಬಿಡಬೇಕಿಲ್ಲ; ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು.

ನಮ್ಮ ಮಡಿಗಳು ಈಗ ಅಂಗಳದ ನಡುವೆ ಇವೆ. ಗೋಡೆಯ ಬುಡಕ್ಕಿಂತ ಅಲ್ಲಿ ಹಿಮ ಹತ್ತು ದಿನ ತಡವಾಗಿ ಕರಗುತ್ತದೆ. ಮೆಂತ್ಯವೂ ಹತ್ತು ದಿನ ತಡವಾಗಿ ಬರುತ್ತದೆ. ಆ ಹತ್ತು ದಿನ ಕಾಯುವುದರಲ್ಲಿ ನಷ್ಟವೇನೂ ಇಲ್ಲ.