ಐಎಸ್‌ಒ ಆಡಿಟ್: ಮಾನದಂಡ ಬದಲಾಯಿತು, ಸಿದ್ಧತೆ ಬದಲಾಗಲಿಲ್ಲ

ವಸ್ತು ತಯಾರಾದ ಮೇಲೆ ಅದನ್ನು ಪರೀಕ್ಷಿಸುವುದಕ್ಕಿಂತ, ತಯಾರಿಸುವ ಕ್ರಮವನ್ನೇ ತಪಾಸಣೆ ಮಾಡಬೇಕೆಂಬ ಯೋಚನೆ ಗಟ್ಟಿಯಾದದ್ದು ಸೈನ್ಯದ ಖರೀದಿಯಲ್ಲಿ. ಮದ್ದುಗುಂಡನ್ನು ಸಿಡಿಸದೆ ಪೂರ್ತಿ ಪರೀಕ್ಷಿಸಲಾಗದು, ಸಿಡಿಸಿದ ಮೇಲೆ ಮಾರಲು ಅದು ಉಳಿಯುವುದಿಲ್ಲ. ಅಮೆರಿಕದ ರಕ್ಷಣಾ ಇಲಾಖೆ 1959ರಲ್ಲಿ ಹೊರಡಿಸಿದ ಎಂಐಎಲ್-ಕ್ಯೂ-9858 ಎಂಬ ನಿಯಮಾವಳಿ ಪೂರೈಕೆದಾರರಿಂದ ಗುಣಮಟ್ಟದ ಒಂದು ವ್ಯವಸ್ಥೆಯನ್ನೇ ಕೇಳಿತು. ಅದೇ ಜಾಡಿನಲ್ಲಿ ನೇಟೋ ನಿಯಮಗಳು ಬಂದವು, 1979ರಲ್ಲಿ ಬ್ರಿಟನ್ನಿನ ಬಿಎಸ್ 5750, 1987ರಲ್ಲಿ ಐಎಸ್‌ಒ 9000 ಸರಣಿ. ಒಂದು ಮಾತು ಇಲ್ಲೇ ಹೇಳಿಬಿಡಬೇಕು: ಐಎಸ್‌ಒ ಸಂಸ್ಥೆ ಮಾನದಂಡ ಬರೆಯುತ್ತದೆಯೇ ಹೊರತು ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವವು ಬೇರೆ ಸಂಸ್ಥೆಗಳು. ಅವುಗಳಿಗೆ ಮಾನ್ಯತೆ ಕೊಡುವ ಕೆಲಸವನ್ನು ಭಾರತದಲ್ಲಿ ಮಾಡುವುದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಂಗವಾದ ಎನ್‌ಎಬಿಸಿಬಿ.

ಮೊದಲ ಎರಡು ಆವೃತ್ತಿಗಳು, ಅಂದರೆ 1987 ಮತ್ತು 1994ರವು, ಸೈನ್ಯದ ಗುಣವನ್ನು ಬಿಟ್ಟಿರಲಿಲ್ಲ. ಇಪ್ಪತ್ತು ಅಂಶಗಳು, ಹೆಚ್ಚುಕಡಿಮೆ ಪ್ರತಿಯೊಂದಕ್ಕೂ ಲಿಖಿತ ಕಾರ್ಯವಿಧಾನ. ‘ಮಾಡುವುದನ್ನು ಬರೆ, ಬರೆದದ್ದನ್ನು ಮಾಡು’ ಎಂಬುದೇ ಆಗಿನ ಮಂತ್ರ. ಸಣ್ಣ ಕೈಗಾರಿಕೆಗಳ ಪ್ರಮಾಣೀಕರಣದ ವೆಚ್ಚದಲ್ಲಿ ಶೇ. 75ರಷ್ಟನ್ನು, ಗರಿಷ್ಠ 75,000 ರೂಪಾಯಿವರೆಗೆ, ಮರಳಿಸುವ ಕೇಂದ್ರ ಸರ್ಕಾರದ ಯೋಜನೆಯೂ 1994ರಲ್ಲೇ ಬಂತು. ಉದ್ದೇಶ ಒಳ್ಳೆಯದೇ. ಆದರೆ ಸಹಾಯಧನ ಸಿಗುತ್ತಿದ್ದದ್ದು ಪ್ರಮಾಣಪತ್ರಕ್ಕೆ, ರಿಜೆಕ್ಷನ್ ಕಡಿಮೆಯಾದದ್ದಕ್ಕಲ್ಲ. ಕಂಪನಿಯ ಹೆಸರೊಂದನ್ನು ಬದಲಿಸಿ ಅದೇ ಮ್ಯಾನುಯಲ್ಲನ್ನು ಹತ್ತು ಕಡೆ ಮಾರುವ ಕನ್ಸಲ್ಟೆಂಟ್ ಕಸುಬಿಗೆ ಇಂಥ ವಾತಾವರಣ ಹದವಾದ ನೆಲ.

ಮಾನದಂಡ ಮಾತ್ರ ಅಲ್ಲೇ ನಿಲ್ಲಲಿಲ್ಲ. 2000ದ ಆವೃತ್ತಿ ಕೆಲಸವನ್ನು ಪ್ರಕ್ರಿಯೆಗಳ ಸರಪಳಿಯಾಗಿ ನೋಡಿತು, ಕಡ್ಡಾಯ ಲಿಖಿತ ಕಾರ್ಯವಿಧಾನಗಳನ್ನು ಆರಕ್ಕಿಳಿಸಿತು. 2015ರದ್ದು ಆ ಆರನ್ನೂ ಕೈಬಿಟ್ಟಿತು. ಕ್ವಾಲಿಟಿ ಮ್ಯಾನುಯಲ್ ಕಡ್ಡಾಯವಲ್ಲ, ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್ ಎಂಬ ಹುದ್ದೆಯೂ ಕಡ್ಡಾಯವಲ್ಲ. ಬದಲಿಗೆ ಅಪಾಯಗಳನ್ನು ಮುಂದಾಗಿ ಯೋಚಿಸಿದ್ದೀರಾ, ಮಾಲೀಕರು ಇದರಲ್ಲಿ ತಾವೇ ತೊಡಗಿದ್ದಾರಾ ಎಂದು ಕೇಳುತ್ತದೆ. ನನ್ನ ವಾದ ಇಷ್ಟೆ: ಮಾನದಂಡ ಫೈಲಿನಿಂದ ಶಾಪ್‌ಫ್ಲೋರಿಗೆ ನಡೆದುಬಂದಿದೆ, ಸಿದ್ಧತೆಯ ರೂಢಿ ಮಾತ್ರ 1994ರಲ್ಲೇ ಉಳಿದಿದೆ. ಈಗಿನ ಆಡಿಟ್ ಎರಡು ಹಂತದ್ದು. ಮೊದಲ ಹಂತದಲ್ಲಿ ಘಟಕ ಸಿದ್ಧವಿದೆಯೇ, ಆಂತರಿಕ ಆಡಿಟ್ ನಡೆಯುತ್ತಿದೆಯೇ ಎಂದು ನೋಡುತ್ತಾರೆ, ಎರಡನೆಯದರಲ್ಲಿ ಕೆಲಸವನ್ನೇ. ಪೀಣ್ಯದ ಒಂದು ಮಶೀನ್ ಶಾಪ್ ಎಂದುಕೊಳ್ಳಿ. ಅನುಭವಿ ಆಡಿಟರ್ ಕಪಾಟಿನತ್ತ ಹೋಗುವುದಿಲ್ಲ. ರವಾನೆಯಾದ ಒಂದು ಜಾಬ್ ಹಿಡಿದು ಹಿಂದಕ್ಕೆ ನಡೆಯುತ್ತಾನೆ: ಗ್ರಾಹಕರ ಪರ್ಚೇಸ್ ಆರ್ಡರಿನಲ್ಲಿರುವ ಡ್ರಾಯಿಂಗ್ ಮತ್ತು ಸಿಎನ್‌ಸಿ ಪಕ್ಕದಲ್ಲಿ ಅಂಟಿಸಿದ ಡ್ರಾಯಿಂಗ್ ಒಂದೇ ರಿವಿಷನ್ನಿನವೇ, ಆ ದಿನ ಬಳಸಿದ ಮೈಕ್ರೋಮೀಟರಿನ ಕ್ಯಾಲಿಬ್ರೇಶನ್ ಚಾಲ್ತಿಯಲ್ಲಿತ್ತೇ, ರಿಜೆಕ್ಟಾದ ತುಂಡುಗಳು ಎಲ್ಲಿ ಹೋದವು. ‘ಆಪರೇಟರ್‌ಗೆ ತಿಳಿಹೇಳಲಾಗಿದೆ’ ಎಂದು ದೂರಿನ ಫೈಲಿನಲ್ಲಿ ಬರೆದಿದ್ದರೆ ಅದನ್ನು ಪರಿಹಾರವೆಂದು ಒಪ್ಪುವುದು ಕಷ್ಟ. ಅದೇ ದೋಷ ಮೂರು ಸಲ ಮರುಕಳಿಸಿದ್ದರೆ ಕಾರಣ ಆಪರೇಟರಲ್ಲ. ಹಿಂದಿನ ವಾರ ಕೂತು ಭರ್ತಿ ಮಾಡಿದ ರೆಕಾರ್ಡು, ಒಂದೇ ಪೆನ್ನಿನ ಒಂದೇ ಕೈಬರಹದಲ್ಲಿ, ತಾನೇ ಸಿಕ್ಕಿಬೀಳುತ್ತದೆ.

ಆಡಿಟ್ ತಾರೀಕು ಮೊದಲೇ ಗೊತ್ತಿರುವಾಗ ಇದೆಲ್ಲ ನಾಟಕವಲ್ಲದೆ ಇನ್ನೇನು ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಫ್ರಾನ್ಸಿನ ಪಿಐಪಿ ಕಂಪನಿ ಸ್ತನ ಇಂಪ್ಲಾಂಟ್‌ಗಳಿಗೆ ಕೈಗಾರಿಕಾ ದರ್ಜೆಯ ಸಿಲಿಕೋನ್ ತುಂಬುತ್ತಿತ್ತು, ಆಡಿಟರುಗಳು ಬರುವಾಗ ಅದನ್ನು ಬಚ್ಚಿಡುತ್ತಿತ್ತು. ಅದರ ಗುಣಮಟ್ಟ ವ್ಯವಸ್ಥೆಗೆ ಹೆಸರಾಂತ ಸಂಸ್ಥೆಯ ಪ್ರಮಾಣಪತ್ರವಿತ್ತು. ಮೋಸ ಬಯಲಾದದ್ದು 2010ರಲ್ಲಿ. ಅನಂತರ, 2013ರಲ್ಲಿ, ವೈದ್ಯಕೀಯ ಸಾಧನಗಳಿಗೆ ಮುನ್ಸೂಚನೆಯಿಲ್ಲದ ಆಡಿಟ್‌ಗಳನ್ನು ಯುರೋಪಿಯನ್ ಆಯೋಗ ಶಿಫಾರಸು ಮಾಡಿತು. ಮೂರು ವರ್ಷದ ಆವರ್ತದಲ್ಲಿ ಕೆಲವೇ ದಿನ ಬಂದುಹೋಗುವ ಹೊರಗಿನವನು ಹಠತೊಟ್ಟ ಮೋಸವನ್ನು ಹಿಡಿಯಲಾರ ಎಂಬುದನ್ನು ಒಪ್ಪಲೇಬೇಕು. ಆದರೆ ನಮ್ಮ ಬಹುಪಾಲು ಘಟಕಗಳ ತೊಂದರೆ ಮೋಸವಲ್ಲ, ಅಲಕ್ಷ್ಯ. ಅದನ್ನು ಹಿಡಿಯಬೇಕಾದದ್ದು ಒಳಗಿನವರು ವರ್ಷವಿಡೀ ನಡೆಸುವ ಆಂತರಿಕ ಆಡಿಟ್. ‘ದೋಷ: ಶೂನ್ಯ’ ಎಂದು ಬರೆದಿಟ್ಟ ಆಂತರಿಕ ಆಡಿಟ್ ವರದಿಯಷ್ಟು ಅನುಮಾನ ಹುಟ್ಟಿಸುವ ಕಾಗದ ಇನ್ನೊಂದಿಲ್ಲ.

ಇನ್ನೊಂದು ಆಕ್ಷೇಪ: ಕಾಂಕ್ರೀಟಿನ ಲೈಫ್ ಜಾಕೆಟ್ ಮಾಡುವವರಿಗೂ, ಕ್ರಮಬದ್ಧವಾಗಿ ಮಾಡಿದರೆ, ಈ ಪ್ರಮಾಣಪತ್ರ ಸಿಕ್ಕೀತು. ಇದು ಹಳೆಯ ಚಟಾಕಿ. ಗ್ರಾಹಕನಿಗೆ ಬೇಕಾದದ್ದೇನೆಂದು ತಿಳಿಯಿರಿ ಎಂಬ ಷರತ್ತನ್ನು ಅದು ಮರೆಯುತ್ತದೆ. ಲಾಭವಿದೆಯೇ ಎಂಬ ಪ್ರಶ್ನೆಗೆ ಡೇವಿಡ್ ಲೆವಿನ್ ಮತ್ತು ಮೈಕೆಲ್ ಟಾಫೆಲ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಸುಮಾರು ಸಾವಿರ ಕಂಪನಿಗಳನ್ನು, ಪ್ರಮಾಣಪತ್ರ ಪಡೆದವನ್ನು ಅವುಗಳಂಥವೇ ಪಡೆಯದವುಗಳೊಂದಿಗೆ, ಹೋಲಿಸಿದಾಗ ಪಡೆದವು ಹೆಚ್ಚು ಕಾಲ ಬಾಳಿದವು. ಮಾರಾಟ, ಉದ್ಯೋಗ ಎರಡೂ ಹೆಚ್ಚು ಬೆಳೆದವು. ಕೆಲಸದ ಗಾಯಗಳ ಒಟ್ಟು ವೆಚ್ಚ ಮಾತ್ರ ಬದಲಾದದ್ದಕ್ಕೆ ಪುರಾವೆ ಸಿಗಲಿಲ್ಲ. ಮೊದಲೇ ಶಿಸ್ತಿದ್ದವರು ಪ್ರಮಾಣಪತ್ರಕ್ಕೆ ಹೋಗಿರಬಹುದೆಂಬ ಸಂಶಯ ಇದರಿಂದ ಪೂರ್ತಿ ಅಳಿಯುವುದಿಲ್ಲ. ಆದರೆ ಶಿಸ್ತು ಪ್ರಮಾಣಪತ್ರಕ್ಕಿಂತ ಮೊದಲು ಬರಬೇಕೆಂಬ ವಾದಕ್ಕೆ ಅದು ಬಲವನ್ನೇ ಕೊಡುತ್ತದೆ.

ಸಣ್ಣ ಘಟಕಕ್ಕೆ ಇದು ಭಾರವೆಂಬ ಮಾತು 1994ಕ್ಕೆ ಸರಿಯಿತ್ತು. ಈಗ 6ರಿಂದ 10 ಜನರ ಘಟಕದ ಮೊದಲ ಪ್ರಮಾಣೀಕರಣಕ್ಕೆ ಅಂತರರಾಷ್ಟ್ರೀಯ ಲೆಕ್ಕಾಚಾರ ಎರಡು ಆಡಿಟ್ ದಿನಗಳನ್ನು ಸೂಚಿಸುತ್ತದೆ, ದಪ್ಪ ಮ್ಯಾನುಯಲ್ಲನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಆಡಿಟ್ ಇಲ್ಲದೆಯೇ ವಾರದಲ್ಲಿ ಪ್ರಮಾಣಪತ್ರ ಕೊಡುತ್ತೇವೆನ್ನುವವರಿಗೆ ಮುಂಗಡ ಕೊಡಬೇಡಿ. ವ್ಯವಸ್ಥೆ ಕಟ್ಟಿಕೊಡುವ ಸಲಹೆಯನ್ನೂ ಪ್ರಮಾಣಪತ್ರವನ್ನೂ ಒಂದೇ ಸಂಸ್ಥೆ ಕೊಡುವಂತಿಲ್ಲ, ಐಎಸ್‌ಒ 17021 ಅದನ್ನು ನಿಷೇಧಿಸುತ್ತದೆ. ಕೊಟೇಶನ್ ಒಪ್ಪುವ ಮೊದಲು ಆ ಸಂಸ್ಥೆಗೆ ಎನ್‌ಎಬಿಸಿಬಿಯದೋ ಅದಕ್ಕೆ ಸಮನಾದ ಸಂಸ್ಥೆಯದೋ ಮಾನ್ಯತೆ ಇದೆಯೇ, ಅದು ನಿಮ್ಮ ಉದ್ಯಮದ ವರ್ಗಕ್ಕೂ ಅನ್ವಯಿಸುತ್ತದೆಯೇ ಎಂದು ಪಟ್ಟಿಯಲ್ಲಿ ನೋಡಿಕೊಳ್ಳಿ.