ಲಾರಿಯ ವೇಗ ಮತ್ತು ಸಾಕ್ಷ್ಯ: ಒಂದು ಪರಿಶೀಲನೆ

ಶಿವಮೊಗ್ಗ, ಶಿಕಾರಿಪುರ, ನ್ಯಾಮತಿಗಳ ರಸ್ತೆಗಳು ಕೂಡುವ ಸವಳಂಗದಲ್ಲಿ ನಿಂತು, ಹಾದುಹೋದ ಲಾರಿಯ ವೇಗವೆಷ್ಟೆಂದು ನೋಡಿದವನೊಬ್ಬನನ್ನು ಕೇಳಿದರೆ, 'ಬಹಳ ಜೋರಾಗಿತ್ತು' ಎಂದಾನೇ ಹೊರತು ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಹೇಳಲಾರನು. ಆ ಉತ್ತರ ಸುಳ್ಳಲ್ಲ. ಆದರೆ ಅದರ ಆಧಾರದಿಂದ ಒಬ್ಬನನ್ನು ಶಿಕ್ಷಿಸಬಹುದೇ? ಮೋಟಾರು ಕಾನೂನಿನ ಚರಿತ್ರೆಯಲ್ಲಿ ಈ ಪ್ರಶ್ನೆ ಮೊದಲಿನಿಂದಲೂ ಇದೆ.

ಇಂಗ್ಲೆಂಡಿನ 1903ರ ಮೋಟಾರು ಕಾರು ಕಾಯಿದೆಯು, ಒಬ್ಬನೇ ಸಾಕ್ಷಿಯ ಅಭಿಪ್ರಾಯಮಾತ್ರದಿಂದ ಮಿತಿಮೀರಿದ ವೇಗದ ಅಪರಾಧವನ್ನು ಸ್ಥಾಪಿಸಲಾಗದೆಂದು ವಿಧಿಸಿತು. ಭಾರತದ 1939ರ ಮೋಟಾರು ವಾಹನ ಕಾಯಿದೆಯೂ ಇದೇ ತತ್ತ್ವವನ್ನು ಅಂಗೀಕರಿಸಿ, ಆ ಅಭಿಪ್ರಾಯಕ್ಕೆ ಯಾಂತ್ರಿಕ ಸಾಧನದ ಆಧಾರವಿದ್ದರೆ ಮಾತ್ರ ವಿನಾಯಿತಿ ನೀಡಿತು. ಈ ನಿಯಮ 1988ರ ಕಾಯಿದೆಯ 183ನೆಯ ಕಲಮಿನಲ್ಲಿ ಮುಂದುವರಿಯಿತು. 2019ರ ತಿದ್ದುಪಡಿಯು 'ಯಾಂತ್ರಿಕ' ಎಂಬುದರೊಡನೆ 'ವಿದ್ಯುನ್ಮಾನ' ಎಂಬುದನ್ನೂ ಸೇರಿಸಿತು.

ಈ ಎಚ್ಚರಿಕೆಯ ಅಗತ್ಯವನ್ನು ನಮ್ಮ ರಾಜ್ಯದ ಮೊಕದ್ದಮೆಯೊಂದು ತೋರಿಸುತ್ತದೆ. 1982ರ ನವೆಂಬರಿನಲ್ಲಿ ಲಾರಿಯೊಂದು ಹಳ್ಳ ದಾಟುವಾಗ ಮಗುಚಿ 15 ಮಂದಿ ಮೃತಪಟ್ಟರು. ಕೆಳಗಿನ ನ್ಯಾಯಾಲಯಗಳು ವಿಧಿಸಿದ ಶಿಕ್ಷೆಯನ್ನು ಉಚ್ಚ ನ್ಯಾಯಾಲಯವು ರದ್ದುಮಾಡಿತು. ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಸಾಕ್ಷಿಗಳು 'ಅತಿವೇಗ'ವೆಂದರೇ ಹೊರತು ಅದರ ಅರ್ಥವನ್ನು ಅಂದಾಜಾಗಿಯಾದರೂ ತಿಳಿಸಲಿಲ್ಲ; ಅತಿವೇಗವೆಂಬುದು ಸಾಪೇಕ್ಷವಾದ ಮಾತು; ಅದೊಂದರಿಂದಲೇ ನಿರ್ಲಕ್ಷ್ಯವು ಸಿದ್ಧವಾಗದು ಎಂಬುದು ತೀರ್ಪಿನ ಸಾರ. ಸತ್ತವರ ಕುಟುಂಬಗಳಿಗೆ ಈ ತರ್ಕ ಕಠೋರವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಇಲ್ಲದಿದ್ದುದು ಅಳತೆಯಾಗಿತ್ತು.

ಆ ಅಳತೆಯನ್ನು ಲಾರಿಯೊಳಗೇ ದಾಖಲಿಸುವ ಯಂತ್ರ ಟ್ಯಾಕೊಗ್ರಾಫ್. ಹಳೆಯ ಮಾದರಿಯಲ್ಲಿ ಮೇಣ ಲೇಪಿಸಿದ ದುಂಡು ಕಾಗದದ ಮೇಲೆ ಮುಳ್ಳೊಂದು 24 ಗಂಟೆಗಳ ವೇಗ, ದೂರ, ದುಡಿಮೆಗಳನ್ನು ಗೀಚುತ್ತಿತ್ತು. ಯೂರೋಪಿನ ಆರ್ಥಿಕ ಸಮುದಾಯವು 1970ರಲ್ಲಿ ಇದನ್ನು ವಿಧಿಸಿತು. ಬ್ರಿಟನ್ನಿನ ಚಾಲಕರು ಇದನ್ನು ಗೂಢಚಾರನೆಂದು ಹಳಿದರು; 1979ರಲ್ಲಿ ಸಮುದಾಯದ ನ್ಯಾಯಾಲಯವು ಬ್ರಿಟನ್ನಿನ ವಿರುದ್ಧ ತೀರ್ಪಿತ್ತಿತು. ಭಾರತದ 1989ರ ಕೇಂದ್ರ ನಿಯಮಗಳು ಅಪಾಯಕರ ಸರಕು ಸಾಗಿಸುವ ವಾಹನಗಳಿಗೆ ಟ್ಯಾಕೊಗ್ರಾಫನ್ನು ವಿಧಿಸಿವೆ.

ದಾಖಲೆಯಿದ್ದ ಮಾತ್ರಕ್ಕೆ ಅದು ಪ್ರಮಾಣವಾಗುವುದಿಲ್ಲ. 1872ರ ಸಾಕ್ಷ್ಯ ಕಾಯಿದೆಗೆ 2000ದಲ್ಲಿ ವಿದ್ಯುನ್ಮಾನ ದಾಖಲೆಗಳ ವಿಧಿಗಳು ಸೇರಿದವು. ಅಂತಹ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಅವಶ್ಯವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಹೇಳಿ, 2020ರಲ್ಲಿ ಸ್ಥಿರಪಡಿಸಿತು. ಮೂಲ ಸಾಧನವನ್ನೇ ಅದರ ಒಡೆಯನು ಹಾಜರುಪಡಿಸಿ ರುಜುವಾತು ಮಾಡಿದರೆ ಅದು ಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ತಜ್ಞನ ಪ್ರಮಾಣವನ್ನೂ ಅಪೇಕ್ಷಿಸುತ್ತದೆ.

ಇದು ಇತಿಹಾಸದ ವಿದ್ಯಾರ್ಥಿಗೆ ಹೊಸ ಪಾಠವಲ್ಲ. 1902ರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಶಿಕಾರಿಪುರ, ಹೊನ್ನಾಳಿ ಸೀಮೆಗಳ ಶಾಸನಗಳಿವೆ. ಕಲ್ಲಿನಲ್ಲಿದೆಯೆಂದು ನಾವು ಶಾಸನವನ್ನು ನಂಬುವುದಿಲ್ಲ; ಲಿಪಿ, ಕಾಲ, ಸ್ಥಳಗಳನ್ನು ಪರೀಕ್ಷಿಸಿ ನಂಬುತ್ತೇವೆ. ಯಂತ್ರದ ದಾಖಲೆಗೂ ಅದೇ ಪರೀಕ್ಷೆ ಸಲ್ಲಬೇಕು: ಅದರ ಅಳತೆ ಸರಿಯೇ, ಗಡಿಯಾರ ಸರಿಯೇ, ಆಗ ಚಕ್ರ ಹಿಡಿದಿದ್ದವನಾರು? ಇನ್ನೊಂದು ಪ್ರಶ್ನೆಯೂ ಉಂಟು. ಮಿತಿ ಮೀರದೆ ಪಾಲಿಸಲಾಗದ ವೇಳಾಪಟ್ಟಿಯನ್ನು ವಿಧಿಸಿದ ಮಾಲೀಕನಿಗೆ ಆ ಪಟ್ಟಿಯೇ ಮೇಲ್ನೋಟದ ಸಾಕ್ಷ್ಯವೆಂದು 183ನೆಯ ಕಲಮು ಹೇಳುತ್ತದೆ. ಯಂತ್ರವು ವೇಗವನ್ನು ಬರೆಯುತ್ತದೆ. ಅವಸರ ಯಾರದೆಂಬುದನ್ನು ಬರೆಯುವುದಿಲ್ಲ. ಅದನ್ನು ವಿಚಾರಿಸಿ ತಿಳಿಯುವ ಹೊಣೆ ನ್ಯಾಯಾಲಯದ್ದೇ ಆಗಿದೆ.